ಒಂಬತ್ತನೆಯ ಹೊಗೆಗೂಡು

ಕಳೆದ ಮಾಘದ ಒಂದು ಮುಂಜಾನೆ, ಬೀದರದ ಅಂಚಿನ ಚಿದ್ರಿಯ ನಮ್ಮ ಪಕ್ಕದ ಮನೆಯವರು ಸ್ನಾನದ ನೀರು ಕಾಯಿಸಲು ತೊಗರಿಕಟ್ಟಿಗೆ ಹಚ್ಚಿದರು. ಆ ಹೊಗೆಗೆ ಅದರದ್ದೇ ಒಂದು ವಾಸನೆಯಿದೆ. ಮೊದಲು ಒಗರು, ಆಮೇಲೆ ಹುರಿದ ಬೇಳೆಯಂಥ ತೆಳುವಾದ ಸಿಹಿ. ಸೀರೆ ಹಿಂಡುತ್ತಿದ್ದವಳು ನೀರು ಕಾಲ ಮೇಲೆ ಸೋರುತ್ತಿದ್ದರೂ ಹಾಗೆಯೇ ನಿಂತುಬಿಟ್ಟೆ. ಇಪ್ಪತ್ತೊಂದು ವರ್ಷಗಳ ಹಿಂದೆ, ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಇದೇ ಕಟ್ಟಿಗೆಯನ್ನು ಭಾಲ್ಕಿಯಲ್ಲಿ ಬೇರೊಬ್ಬರ ಒಲೆಗೆ ಎಪ್ಪತ್ತಕ್ಕೂ ಹೆಚ್ಚು ದಿನ ಹಚ್ಚಿದ್ದೆ. ಆ ಒಲೆ ಅವರ ಕೈತಪ್ಪಿದ್ದು ನನ್ನಿಂದ. ಮರುಭಾನುವಾರ ನಾನು ಭಾಲ್ಕಿಯ ಬಸ್ಸು ಹತ್ತಿದೆ.

ಭಾಲ್ಕಿಯ ಸ್ಟೇಶನ್ನಿನ ಕಡೆಗೆ ಆಗ ಜರ್ಮನ್ ಗಂಜ ಎಂಬ ಪೇಟೆಯಿತ್ತು. ಹೊರಗಿನವರು ಹೆಸರು ಕೇಳಿ ಅಲ್ಯೂಮಿನಿಯಮ್ಮಿನ ಜರ್ಮನ್ ಪಾತ್ರೆ ಅಗ್ಗಕ್ಕೆ ಸಿಗುತ್ತದೆಂದು ಬಂದು, ಹಗ್ಗ ಬೆಲ್ಲ ಕೊಂಡುಕೊಂಡು ಹಿಂದಿರುಗುತ್ತಿದ್ದರು. ನಿಜಾಮರ ಕಾಲದಲ್ಲಿ ಜರ್ಮನಿಯಲ್ಲಿ ಓದಿಬಂದ ಒಬ್ಬ ಇಂಜಿನಿಯರರು ಅಲ್ಲಿಯ ಹಳ್ಳಿಯೊಂದರ ಚಿತ್ರವನ್ನು ಮುಂದಿಟ್ಟುಕೊಂಡು ಅದನ್ನು ಕಟ್ಟಿಸಿದರಂತೆ. ಒಂದು ಚೌಕ, ಅದರ ಸುತ್ತ ಹದಿನಾಲ್ಕು ಮಳಿಗೆಗಳು, ಪ್ರತಿಯೊಂದರ ಮೇಲೂ ವ್ಯಾಪಾರಿಯ ಮನೆ. ಬಿಳಿಯ ಗೋಡೆಗಳ ಮೇಲೆ ಕರಿಯ ತೊಲೆಗಳು ಅಡ್ಡಡ್ಡವಾಗಿ ಹಾದಿದ್ದವು. ಹಿಮ ಜಾರಿ ಬೀಳಲೆಂದು ಮಾಡುಗಳನ್ನು ಕಡಿದಾಗಿ ಇಳಿಬಿಟ್ಟಿದ್ದರು. ನಮ್ಮ ಬಿಸಿಲು ಅವುಗಳಿಂದ ಜಾರದೆ ನೇರವಾಗಿ ಒಳಗಿಳಿಯುತ್ತಿತ್ತು. ಕಿಟಕಿಗಳ ಕೆಳಗೆ ಹೂವಿಗೆಂದು ಮಾಡಿದ ಮರದ ಪೆಟ್ಟಿಗೆಗಳಲ್ಲಿ ಹೆಂಗಸರು ಕೊತ್ತಂಬರಿಯನ್ನೂ ಪುಂಡಿಪಲ್ಯವನ್ನೂ ಬೆಳೆಯುತ್ತಿದ್ದರು. ಚೌಕದ ನಡುವಿನ ಗೋಪುರದಲ್ಲಿ ಗಡಿಯಾರಕ್ಕೆಂದು ಬಿಟ್ಟ ದುಂಡನೆಯ ತೂತಿತ್ತು. ಗಡಿಯಾರ ಜರ್ಮನಿಯಿಂದ ಬರಬೇಕಾಗಿತ್ತು. ಯುದ್ಧ ಬಂತು, ಗಡಿಯಾರ ಬರಲಿಲ್ಲ. ತೂತಿನಲ್ಲಿ ಪಾರಿವಾಳಗಳು ಸಂಸಾರ ಹೂಡಿದವು.

ಆ ಮನೆಗಳಲ್ಲಿ ಇನ್ನೊಂದು ವಿಚಿತ್ರವಿತ್ತು. ಪ್ರತಿಯೊಂದಕ್ಕೂ ಇಟ್ಟಿಗೆಯ ಎತ್ತರದ ಹೊಗೆಗೂಡು. ಮಳಿಗೆಯ ಕರಾರಿನಲ್ಲಿ ಒಂದು ಷರತ್ತಿದ್ದಿತು: ವ್ಯಾಪಾರಿಯು ತನ್ನ ಅಂಗಡಿಯ ಮೇಲೆಯೇ ವಾಸವಾಗಿರತಕ್ಕದ್ದು, ನಲವತ್ತು ದಿನಗಳಿಗಿಂತ ಹೆಚ್ಚಾಗಿ ಮನೆ ಬಿಟ್ಟರೆ ಮಳಿಗೆಯೂ ಮನೆಯೂ ಸರಕಾರಕ್ಕೆ ವಾಪಸು. ಸರಕಿನ ಮೇಲೆ ಮಲಗುವವನು ತೂಕದಲ್ಲಿ ಮೋಸ ಮಾಡುವುದಿಲ್ಲವೆಂದು ಆ ಇಂಜಿನಿಯರರು ನಂಬಿದ್ದರಂತೆ. ವಾಸವಿದ್ದಾರೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಹೊಗೆ. ಗಂಜಿನ ಚೌಕೀದಾರರಾದ ಮೆಹಬೂಬ ಚಾಚಾ ದಿನವೂ ಬೆಳಗ್ಗೆ ಗೋಪುರದ ಕಟ್ಟೆಯ ಮೇಲೆ ಕುಳಿತು, ತಲೆಯೆತ್ತಿ, ಬೆರಳು ಮಡಿಚುತ್ತ ಎಣಿಸಿ, "ಚೌದಾ ಪೂರಾ" ಎಂದು, ಅಂದರೆ ಹದಿನಾಲ್ಕೂ ಸರಿಯಿದೆಯೆಂದು, ಗಟ್ಟಿಯಾಗಿ ಹೇಳಿ ಎದ್ದುಹೋಗುತ್ತಿದ್ದರು. ಆ ಕೂಗು ಕೇಳಿದ ಮೇಲೆಯೇ ಗಂಜಿನವರು ಅಂಗಡಿಯ ಬಾಗಿಲು ತೆರೆಯುತ್ತಿದ್ದರು.

ಆದರೆ ಮನುಷ್ಯರೆಂದ ಮೇಲೆ ಮದುವೆ, ಕಾಯಿಲೆ, ಬಾಣಂತನ ತಪ್ಪುವುವೆ? ಯಾರಾದರೂ ಊರಿಗೆ ಹೋದರೆ ನೆರೆಯವರು ಅವರ ಮನೆಯ ಒಲೆ ಹಚ್ಚಿ ಒಂದು ತಂಬಿಗೆ ನೀರು ಕಾಯಿಸುತ್ತಿದ್ದರು. ಇದಕ್ಕೆ "ಹೊಗಿ ಕೊಡೋದು" ಎನ್ನುತ್ತಿದ್ದರು. ನಾನು ಬರುವುದಕ್ಕೆ ಎಂಟು ವರ್ಷ ಮೊದಲು, ನಿಜಾಮರ ಆಳ್ವಿಕೆ ಮುಗಿದ ಗಲಭೆಯಲ್ಲಿ ಊರಿಗೆ ಊರೇ ಅಂಜಿ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ, ಕೆಲವರು ತಿಂಗಳುಗಟ್ಟಲೆ ಮನೆಬಿಟ್ಟು ಹೋಗಿದ್ದರು. ಉಳಿದವರು ಜಾತಿ ಧರ್ಮ ನೋಡದೆ ಅವರಿಗೆಲ್ಲ ಹೊಗೆ ಕೊಟ್ಟರು. ಬಂದವರಿಗೆ ಮನೆ ಬೆಚ್ಚಗೆ ಸಿಕ್ಕಿತು. ಮೆಹಬೂಬ ಚಾಚಾಗೆ ಎಲ್ಲವೂ ಗೊತ್ತಿತ್ತು. "ನಂಗ ಧುವಾಂ ಎಣಸಂತ ಹೇಳ್ಯಾರ, ಬಾಯಿಸಾಬ. ಯಾರು ಊದಿದ್ರು ಅಂತ ಕೇಳು ಅಂದಿಲ್ಲ" ಎಂದು ನನ್ನೆದುರು ಒಮ್ಮೆ ನಕ್ಕಿದ್ದರು.

ನಾವು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಮೊದಲ ಮಳೆಯೊಂದಿಗೆ ನಾನು ಹೆಣ್ಣುಮಕ್ಕಳ ಶಾಲೆಗೆ ಕನ್ನಡ ಕಲಿಸಲು ಬಂದೆ. ಗಂಜಿನವರಿಗೆಲ್ಲ ನಾನು ಬಾಯಾರು, ಅಂದರೆ ಶಾಲೆಯ ಟೀಚರು. ಇಪ್ಪತ್ತಮೂರು ವರ್ಷ ವಯಸ್ಸು. ಕೈಯಲ್ಲಿ ಒಂದು ಟ್ರಂಕು. ಒಂಬತ್ತನೆಯ ಮಳಿಗೆಯ ಕಾಶಮ್ಮನವರು ತಮ್ಮ ಮನೆಯ ಮಾಡಿನ ಕೆಳಗಿನ ಕೋಣೆಯನ್ನು ನನಗೆ ಕೊಟ್ಟರು. ಗಂಡ ತೀರಿದ ಮೇಲೆ ಅಂಗಡಿಯನ್ನು ಅವರೊಬ್ಬರೇ ನಡೆಸುತ್ತಿದ್ದರು. ಹಗ್ಗ, ಕಣ್ಣಿ, ಮೂಗುದಾರ, ಎತ್ತಿನ ಕೊರಳಿನ ಗಂಟೆ ಮಾರುತ್ತಿದ್ದರು. ಗಂಟೆಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿ ನೋಡದೆ ಯಾರಿಗೂ ಕೊಡುತ್ತಿರಲಿಲ್ಲ. "ಇದು ನಿನ್ನ ಎತ್ತಿಗಿ ಬ್ಯಾಡಪ್ಪ, ದನಿ ಸಣ್ಣದದ. ಮಾಂಜ್ರಾ ಹೊಳಿ ದಾಟಿ ಮೇಯ್ಲಾಕ ಹೋದ್ರ ನಿನಗ ಕೇಳಸಂಗಿಲ್ಲ" ಎಂದು ಕೈಗೆ ಬಂದ ಗಿರಾಕಿಯನ್ನೇ ತಡೆಯುತ್ತಿದ್ದರು. ಉದಗೀರಿನ ಕಡೆಯ ಒಕ್ಕಲಿಗರು ರೈಲು ಹತ್ತಿ ಬಂದು ಅವರಲ್ಲಿಯೇ ಗಂಟೆ ಕೊಳ್ಳುತ್ತಿದ್ದುದು ಈ ಕಾರಣಕ್ಕೆ.

ನಾನು ಕೋಣೆ ಕೇಳಿದ್ದೆ, ಊಟ ಕೇಳಿರಲಿಲ್ಲ. ಮೊದಲ ದಿನ ಸಂಜೆ ನಾನು ಬೀದರದಿಂದ ಕಟ್ಟಿಕೊಂಡು ಬಂದಿದ್ದ ಬುತ್ತಿಯನ್ನು ಬಿಚ್ಚುತ್ತಿದ್ದಾಗ ಅವರು ಬಾಗಿಲಿಗೆ ಬಂದು ನಿಂತರು. "ಏನ್ರಿ ಬಾಯಾರ, ನನ್ನ ಮನ್ಯಾಗ ಕುಂತು ತಂಗಳ ತಿಂತೀರಿ? ಒಲಿ ಒಂದೇ ಅದ, ಹೊಗಿ ಒಂದೇ ಹೋಗ್ತದ, ರೊಟ್ಟಿ ಯಾಕ ಎರಡು ಕಡಿ?" ಅಂದಿನಿಂದ ಅವರ ಒಲೆಯೇ ನನ್ನ ಒಲೆಯಾಯಿತು.

ನವೆಂಬರಿನ ಮೊದಲ ತಾರೀಖು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಉದಗೀರ ಮುಂಬಯಿ ರಾಜ್ಯಕ್ಕೆ ಹೋಯಿತು. ನನ್ನ ಸಂತೋಷಕ್ಕೆ ಮಿತಿಯಿರಲಿಲ್ಲ. ಉರ್ದು ಮಾಧ್ಯಮದಲ್ಲಿ ಓದುತ್ತ, ಕನ್ನಡವನ್ನು ಮಠದ ಜಗುಲಿಯ ಮೇಲೆ ಕದ್ದ ಹೊತ್ತಿನಲ್ಲಿ ಕಲಿತವಳು ನಾನು. ಇನ್ನು ಸರಕಾರ ನಮ್ಮ ಮಾತಿನಲ್ಲಿ ಕೇಳುತ್ತದೆ, ನಾವು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಇಷ್ಟಾದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆಂದು ಮನಃಪೂರ್ವಕವಾಗಿ ನಂಬಿದ್ದೆ. ಸಂಜೆ ಗೋಪುರದ ಕಟ್ಟೆಯ ಮೇಲೆ ವ್ಯಾಪಾರಿಗಳಿಗೆ ಕನ್ನಡದ ಓಲೆ ಓದಲು, ಸಹಿ ಮಾಡಲು ಕಲಿಸತೊಡಗಿದೆ. ಹತ್ತನೆಯ ಮಳಿಗೆಯ ಬೆಲ್ಲದ ವ್ಯಾಪಾರಿ ಸಿದ್ರಾಮಪ್ಪನವರು ಅಲ್ಲಿಯೂ ಸುಮ್ಮನಿರುತ್ತಿರಲಿಲ್ಲ.

"ಇಷ್ಟು ದಿನ ನಮ್ಮ ಮಾತು ಸರಕಾರಕ್ಕ ತಿಳೀತಿದ್ದಿಲ್ಲ, ಸರಕಾರದ ಮಾತು ನಮಗ ತಿಳೀತಿದ್ದಿಲ್ಲ. ಹಂಗಾಗಿ ಇಬ್ಬರೂ ಆರಾಮ ಇದ್ದಿವಿ. ಇನ್ನ ಹ್ಯಾಂಗೋ ಏನೋ, ಬಾಯಾರ!"

ಎಲ್ಲರೂ ನಕ್ಕರು. ನಾನು ಮಾತ್ರ ಬಳಪದಿಂದ ಹಲಗೆಯನ್ನು ತಟ್ಟಿ, "ಬರೆಯಿರಿ" ಎಂದೆ.

ದೀಪಾವಳಿಯ ಪಾಡ್ಯ ಕಳೆದ ಮೇಲೆ ಉದಗೀರಿನಿಂದ ಓಲೆ ಬಂತು. ಕಾಶಮ್ಮನವರ ಒಬ್ಬಳೇ ಮಗಳು ಶರಣಮ್ಮ ಅಲ್ಲಿಯ ಸೊಸೆ, ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರಬೇಕಾದವಳ ಕಾಲುಗಳಿಗೆ ಬಾವು ಬಂದಿತ್ತು. ರೈಲು ಹತ್ತಕೂಡದೆಂದು ವೈದ್ಯರು ಹೇಳಿದ್ದರು. ಮಗಳು ಬರಲಾರದಿದ್ದರೆ ತಾಯಿ ಹೋಗಬೇಕು. ಕಾಶಮ್ಮನವರು ಗಂಟು ಕಟ್ಟಿ ಇಳಿದಾಗ ಮೆಹಬೂಬ ಚಾಚಾ ಕಟ್ಟೆಯಿಂದಲೇ ಕೂಗಿದರು.

"ಕ್ಯಾ ಕಾಶಮ್ಮ, ಪರದೇಸಕ್ಕ ಹೊಂಟ್ರೇನು? ಉದಗೀರ ಈಗ ಮುಂಬೈ ಆಗ್ಯದ!"

"ಆಗ್ಲಿ ಬಿಡೋ ಚಾಚಾ. ನನ್ನ ಮಗಳ ನೋವು ಮುಂಬೈದು, ನನ್ನ ನೋವು ಮೈಸೂರದ್ದು ಅಂತ ಯಾರರ ಹಂಚ್ಯಾರೇನು?"

ಆಮೇಲೆ ನನ್ನತ್ತ ತಿರುಗಿ, ಒಲೆಯ ವಿಷಯವನ್ನು ಹೇಳಿದರು. ಮೂರು ತೊಗರಿಕಟ್ಟಿಗೆ ಸಣ್ಣವು ಕೆಳಗೆ, ಎರಡು ದಪ್ಪವು ಮೇಲೆ. ಚಿಮಣಿ ಎಣ್ಣೆ ಸುರಿಯಬಾರದು, ಹೊಗೆ ಕರ್ರಗಾಗುತ್ತದೆ. ಚಾಚಾ ಕಟ್ಟೆಗೆ ಬರುವ ಮೊದಲೇ ಹಚ್ಚಬೇಕು. "ಹದಿನೈದು ದಿನ, ಬಾಯಾರ. ಬಂದುಬಿಡ್ತೇನಿ. ಕೂಸಿನ್ನ ತಗೊಂಡೇ ಬರ್ತೇನಿ. ನನ್ನ ಮನಿ ನಿಮ್ಮ ಕೈಯಾಗ ಅದ."

ಹದಿನೈದು ದಿನ ಒಂದು ತಿಂಗಳಾಯಿತು. ಕೂಸು ಹುಟ್ಟಿತು, ಶರಣಮ್ಮನಿಗೆ ಜ್ವರ ಇಳಿಯಲಿಲ್ಲ. ಕಾಶಮ್ಮನವರು ಬೇರೆಯವರ ಕೈಯಿಂದ ಬರೆಸಿದ ಓಲೆಗಳಲ್ಲಿ ಮಗಳ ಸುದ್ದಿ ಎರಡು ಸಾಲು, ಒಲೆಯ ಸುದ್ದಿ ನಾಲ್ಕು ಸಾಲು. ನಾನು ಒಂದು ದಿನವೂ ತಪ್ಪಲಿಲ್ಲ. ಚಳಿಗಾಲದ ಆ ಮುಂಜಾವುಗಳಲ್ಲಿ ಮಂಜು ಚೌಕದೊಳಗೆ ಇಳಿದು, ಕರಿಯ ತೊಲೆಗಳೂ ಕಡಿದಾದ ಮಾಡುಗಳೂ ಅರ್ಧಮರ್ಧ ಕಾಣುತ್ತಿದ್ದವು. ಚಿತ್ರದ ಆ ಹಳ್ಳಿ ಹೀಗೆಯೇ ಇದ್ದಿರಬೇಕೆಂದು ನನಗೆ ಅನ್ನಿಸುತ್ತಿತ್ತು. ಹೊಗೆ ಮೇಲೇರುವುದನ್ನು ಕಿಟಕಿಯಿಂದ ಬಗ್ಗಿ ನೋಡಿ, "ಚೌದಾ ಪೂರಾ" ಕೇಳಿಸಿಕೊಂಡು, ರೊಟ್ಟಿ ಬಡಿದುಕೊಂಡು ಶಾಲೆಗೆ ಹೋಗುತ್ತಿದ್ದೆ.

ಡಿಸೆಂಬರಿನ ಕೊನೆಯಲ್ಲಿ ಬೀದರದ ಒಂದು ಕಚೇರಿಯಿಂದ ಕನ್ನಡದ ನಮೂನೆಯೊಂದು ಬಂತು. ಆ ಕಚೇರಿಯ ಹೆಸರು ಇಲ್ಲಿ ಬೇಡ. ಹದಿನಾಲ್ಕು ಮಳಿಗೆಗಳ ಪಟ್ಟಿ ಬೇಕು: ಹೆಸರು, ವ್ಯಾಪಾರ, ಮೇಲೆ ವಾಸವಿದ್ದಾರೆಯೆ, ಕೊನೆಯಲ್ಲಿ ಷರಾ ಎಂಬ ಒಂದು ಅಗಲವಾದ ಅಂಕಣ. ಗಂಜಿನಲ್ಲಿ ಅದನ್ನು ತುಂಬಬಲ್ಲವಳು ನಾನೊಬ್ಬಳೇ. ಕಟ್ಟೆಯ ಮೇಲೆ ಗೆರೆ ಹಾಕಿಕೊಂಡು ಕುಳಿತೆ. ಸುತ್ತಲೂ ವ್ಯಾಪಾರಿಗಳು ಮಕ್ಕಳಂತೆ ಬಗ್ಗಿ ನೋಡುತ್ತಿದ್ದರು. ಎಂಟು ಹೆಸರುಗಳ ಮುಂದೆ "ಇದ್ದಾರೆ" ಎಂದು ಬರೆದು ಒಂಬತ್ತನೆಯದಕ್ಕೆ ಬಂದು ಲೇಖನಿ ಎತ್ತಿದೆ.

"ಅದಕ್ಕೂ ಇದ್ದಾರ ಅಂತ ಹಾಕ್ರಿ" ಎಂದರು ಸಿದ್ರಾಮಪ್ಪ.

"ಐವತ್ತೊಂದು ದಿನದಿಂದ ಅವರು ಇಲ್ಲ. ಇಲ್ಲದವರನ್ನು ಇದ್ದಾರೆಂದು ಹೇಗೆ ಬರೆಯಲಿ?"

"ಹೊಗಿ ಅದಲ್ರಿ!"

"ಹೊಗೆ ನಾನು ಹಾಕುತ್ತೇನೆ. ಅದನ್ನೇ ಬರೆಯೋಣ. ಷರಾ ಇರುವುದೇ ಅದಕ್ಕೆ. ಅವರು ಯಾಕೆ ಹೋದರು, ನೀವೆಲ್ಲ ಒಬ್ಬರಿಗೊಬ್ಬರು ಹೇಗೆ ಮನೆ ಕಾಯುತ್ತೀರಿ, ತಿಳಿಸಿ ಹೇಳಿದರೆ ಬೇಡವೆನ್ನುವವರು ಯಾರು? ಮೊದಲಿನ ಸರಕಾರಕ್ಕೆ ಹೇಳಲು ಮಾತಿರಲಿಲ್ಲ, ಅದಕ್ಕೆ ಅಡಗಿಸಿದಿರಿ. ಈಗ ನಮ್ಮವರೇ ಇದ್ದಾರೆ."

ಸಿದ್ರಾಮಪ್ಪನವರು ಮೆಹಬೂಬ ಚಾಚಾರ ಮುಖ ನೋಡಿದರು. ಚಾಚಾ ಗೋಪುರದ ಪಾರಿವಾಳಗಳನ್ನು ನೋಡುತ್ತಿದ್ದರು. "ಬಾಯಿಸಾಬ ಪಢೀಲಿಖೀ, ಓದಿದೋರು ಇದ್ದಾರ" ಎಂದಷ್ಟೇ ಅಂದರು.

"ನಿಮಗ ತಿಳಿದಂಗ ಮಾಡ್ರಿ, ನಮ್ಮ ಬಾಯಾರ ಬರದದ್ದು ಯಾವತ್ತೂ ತಪ್ಪಂಗಿಲ್ಲ" ಎಂದು ಸಿದ್ರಾಮಪ್ಪ ಅಂಗಡಿಗೆ ಹೋದರು.

ನಾನು ಷರಾ ಬರೆದೆ. ಅಂಕಣ ಸಾಲದೆ ಹಾಳೆಯ ಬೆನ್ನಿಗೂ ಬರೆದೆ. ಹೊಗೆ ಕೊಡುವ ಪದ್ಧತಿಯನ್ನು ಮೊದಲಿನಿಂದ ಕಡೆಯವರೆಗೆ ವಿವರಿಸಿದೆ. ಎಂಟು ವರ್ಷಗಳ ಹಿಂದಿನದನ್ನೂ ಬಿಡಲಿಲ್ಲ. ಒಂದು ಅಕ್ಷರವನ್ನೂ ಹೊಡೆದುಹಾಕಿರಲಿಲ್ಲ. ಓದಿ ನೋಡಿದಾಗ ಕಣ್ಣು ತುಂಬಿಬಂತು. ಕಾಶಮ್ಮನವರು ಮರಳಿದ ಮೇಲೆ ಅವರಿಗೂ ಓದಿ ಹೇಳಬೇಕೆಂದು ಒಂದು ಪ್ರತಿ ಇಟ್ಟುಕೊಂಡೆ.

ಎಳ್ಳಮಾಸಿ ಕಳೆದು, ಸಂಕ್ರಾಂತಿಯ ಎಳ್ಳು ಬೆಲ್ಲ ಹಂಚಿದ ಮರುದಿನ ಉತ್ತರ ಬಂತು. ಒಂಬತ್ತನೆಯ ಮಳಿಗೆ ಸರಕಾರಕ್ಕೆ ವಾಪಸು. ಒಂದು ವಾರದೊಳಗೆ ಖಾಲಿ ಮಾಡತಕ್ಕದ್ದು. ಚೌಕೀದಾರನ ಎಣಿಕೆಯನ್ನು ಇನ್ನು ಮುಂದೆ ಪುರಾವೆಯಾಗಿ ಪರಿಗಣಿಸಲಾಗುವುದಿಲ್ಲ.

ಅದೇ ದಿನ ಬೀದರಕ್ಕೆ ಹೋದೆ. ಅಧಿಕಾರಿಗಳು ಮೈಸೂರಿನ ಕಡೆಯವರು, ಕೆಟ್ಟ ಮನುಷ್ಯರಲ್ಲ. ಕುರ್ಚಿ ಕೊಟ್ಟು, ಚಹ ತರಿಸಿದರು. "ಈ ಷರಾ ಬರೆದವರು ನೀವೇನಮ್ಮ? ಎಷ್ಟು ಅಚ್ಚುಕಟ್ಟಾಗಿದೆ! ನಿಮ್ಮ ಕಡೆಯಿಂದ ಬಂದ ಪಟ್ಟಿಗಳಲ್ಲಿ ನನಗೆ ಪೂರ್ತಿ ಓದೋಕಾಗಿದ್ದು ಇದೊಂದೇ."

"ಓದಿದ ಮೇಲೂ ಹೀಗೇಕೆ ಮಾಡಿದಿರಿ?" ಎಂದೆ.

"ಓದಿದ್ದರಿಂದಲೇ ಅಲ್ವೇ? ನಲವತ್ತು ದಿನ ಅಂತ ಕರಾರು. ಐವತ್ತೊಂದು ಅಂತ ನೀವೇ ಬರೆದಿದ್ದೀರಿ. 'ಇದ್ದಾರೆ' ಅಂತ ಒಂದು ಪದ ಇದ್ದಿದ್ದರೆ ನಾನು ಸಹಿ ಹಾಕಿ ಮುಂದೆ ಹೋಗ್ತಿದ್ದೆ."

ಆ ಹಾಳೆಯನ್ನು ಹಿಂದಕ್ಕೆ ಕೊಡಿ, ಬೇರೆ ಬರೆದುಕೊಡುತ್ತೇನೆ ಎಂದು ಬೇಡಿಕೊಂಡೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸುಳ್ಳು ಬರೀತೀರಾ, ಮೇಡಂ? ನೀವು?"

"ಬರೆಯುತ್ತೇನೆ."

"ತಡವಾಯ್ತು" ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಚಹ ತಣ್ಣಗಾಗಿತ್ತು, ಮರ್ಯಾದೆಗಾಗಿ ಕುಡಿದು ಎದ್ದೆ.

ಬೇರೆ ದಾರಿ ಹುಡುಕುತ್ತ ವಾರವೆಲ್ಲ ಕಳೆದು, ಕೊನೆಗೆ ಉದಗೀರಿಗೆ ತಂತಿ ಕೊಟ್ಟೆವು. ಮಗಳಿಗೆ ಜ್ವರ ಬಿಟ್ಟು, ಬಾಣಂತನವನ್ನಾದರೂ ತವರಿನಲ್ಲಿ ಮಾಡಿಸೋಣವೆಂದು ಕಾಶಮ್ಮನವರು ಅಷ್ಟರಲ್ಲಿ ಹೊರಟೇಬಿಟ್ಟಿದ್ದರು. ಅವರು ಗಾಡಿಯಲ್ಲಿ, ತಂತಿ ಅಲ್ಲಿ. ವಾರ ಮುಗಿದ ದಿನ, ಮೇಲಿನ ಬಾಗಿಲಿಗೆ ಅರಗಿನ ಮುದ್ರೆ ಬಿದ್ದು ಎರಡು ತಾಸಾಗಿತ್ತು. ಮುದ್ರೆ ಹಾಕುವವರು ನನ್ನ ಟ್ರಂಕನ್ನು ಕಟ್ಟೆಯ ಮೇಲೆ ಇರಿಸಿದ್ದರು. ಅಂಗಡಿಯ ಸರಕನ್ನು ಒಯ್ಯಲು ಸಂಜೆಯವರೆಗೆ ಬಿಟ್ಟುಕೊಟ್ಟಿದ್ದರು. ಕಾಶಮ್ಮನವರು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಗಳ ಕೈ ಹಿಡಿದು ಚೌಕದೊಳಗೆ ಬಂದರು. ಬಾಗಿಲನ್ನು ನೋಡಲಿಲ್ಲ. ಗಂಜಿನ ಎಲ್ಲರಂತೆ ಮೊದಲು ತಲೆಯೆತ್ತಿ ಮಾಡಿನ ಮೇಲೆ ನೋಡಿದರು.

"ಹೊಗಿ ಯಾಕ ಇಲ್ಲ, ಬಾಯಾರ? ಆರಾಮ ಇದ್ದಿದ್ದಿಲ್ಲೇನು?"

ನಾನು ಹೇಳಿದೆ. ಕ್ರಮವಾಗಿ, ಒಂದನ್ನೂ ಬಿಡದೆ ಹೇಳಿದೆ. ಬೇರೆ ರೀತಿ ಹೇಳುವುದು ನನಗೆ ಗೊತ್ತಿರಲಿಲ್ಲ. ಅವರು ಕೂಸನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿದರು.

"ನೀವು ಬರದದ್ದು ಖರೇನೇ ಅದ. ನಾ ಇದ್ದಿದ್ದಿಲ್ಲ" ಎಂದರು.

ಶರಣಮ್ಮ ಮಾತ್ರ ನನ್ನನ್ನು ನೋಡಿ, "ನಿಮಗೇನು ಕೆಟ್ಟದ್ದು ಮಾಡಿದ್ದಳ್ರಿ ನಮ್ಮವ್ವ?" ಎಂದು ಕೇಳಿದಳು. "ಏ, ಸುಮ್ಮಿರು" ಎಂದು ತಾಯಿ ಅವಳನ್ನು ಗದರಿಸಿದರು.

ಗಂಜಿನವರು ಸೇರಿ ಹಗ್ಗದ ಸುರುಳಿಗಳನ್ನೂ ಗಂಟೆಗಳ ಚೀಲಗಳನ್ನೂ ಬಂಡಿಗೆ ಹೇರಿದರು. ಯಾರೂ ನನಗೆ ಒಂದು ಬಿರುಸು ಮಾತಾಡಲಿಲ್ಲ; ನನ್ನ ಕೈಗೆ ಒಂದು ಚೀಲವನ್ನೂ ಕೊಡಲಿಲ್ಲ. ರೈಲಿಗೆ ಹಾಕಲು ಚೀಲಗಳ ಮೇಲೆ ಹೆಸರು, ಊರು ಬರೆಯಬೇಕಾಗಿತ್ತು. ನಾನು ಮಸಿಯ ಕುಡಿಕೆ ತೆಗೆದುಕೊಂಡು ಹತ್ತಿರ ಹೋದೆ. ಕಾಶಮ್ಮನವರು ಚೀಲದ ಮೇಲೆ ಅಂಗೈ ಇಟ್ಟು ಮುಚ್ಚಿದರು.

"ಬ್ಯಾಡ್ರಿ, ಬಾಯಾರ. ಇದೊಂದು ಬರೀಬ್ಯಾಡ್ರಿ."

ಬಂಡಿ ಹೊರಟಿತು. ಚೀಲಗಳೊಳಗಿನ ನೂರಾರು ಗಂಟೆಗಳು ಚೌಕದ ಕಲ್ಲುಗಳ ಮೇಲೆ ಒಮ್ಮೆಗೇ ಅಲುಗಾಡಿ, ಒಂದು ದೊಡ್ಡ ಮಂದೆ ಊರು ಬಿಟ್ಟುಹೋಗುವಂತೆ ಸದ್ದಾಯಿತು. ಸ್ಟೇಶನ್ನಿನ ತಿರುವಿನವರೆಗೂ ಅದು ಕೇಳುತ್ತಿತ್ತು.

ಮರುದಿನ ಬೆಳಗ್ಗೆ ಮೆಹಬೂಬ ಚಾಚಾ ಕಟ್ಟೆಯ ಮೇಲೆ ಕುಳಿತು ತಲೆಯೆತ್ತಿದರು, ಬೆರಳು ಮಡಿಚಿದರು, ಏನೂ ಹೇಳದೆ ಎದ್ದುಹೋದರು. ಅಂಗಡಿಗಳು ಬಹಳ ಹೊತ್ತು ತೆರೆಯಲಿಲ್ಲ. ಆ ಬೇಸಿಗೆಗೆ ಅವರ ಕೆಲಸವೂ ಹೋಯಿತು. ಹೊಗೆಗೆ ಬೆಲೆಯಿಲ್ಲವೆಂದಾದ ಮೇಲೆ ಹೊಗೆ ಕೊಡುವವರೂ ಇಲ್ಲವಾದರು. ಮಗನ ಚಿಕಿತ್ಸೆಗೆಂದು ಹೈದರಾಬಾದಿಗೆ ಹೋದ ನಾಲ್ಕನೆಯವರ ಮಳಿಗೆ, ಆಮೇಲೆ ಹನ್ನೆರಡನೆಯದು, ಒಂದೊಂದಾಗಿ ಅದೇ ಷರಾದ ಆಧಾರದಿಂದ ಮುದ್ರೆ ಕಂಡವು. ನನ್ನ ಸಂಜೆಯ ಪಾಠಕ್ಕೆ ಬರುವವರು ಕಡಿಮೆಯಾಗಿ, ಒಂದು ದಿನ ಕಟ್ಟೆಯ ಮೇಲೆ ಹಲಗೆಯೂ ನಾನೂ ಮಾತ್ರ ಉಳಿದೆವು. ನಾನು ಶಾಲೆಯ ಉಗ್ರಾಣದ ಮೂಲೆಯಲ್ಲಿ ಇರುತ್ತಿದ್ದೆ. ಜೂನಿನಲ್ಲಿ ಔರಾದಿಗೆ ವರ್ಗವಾಯಿತು, ನಾನೇ ಕೇಳಿಕೊಂಡದ್ದು. ಅಲ್ಲಿ ಮಕ್ಕಳ ತಪ್ಪುಗಳ ಕೆಳಗೆ ಕೆಂಪು ಗೆರೆ ಎಳೆಯುವಾಗಲೆಲ್ಲ ಕೈ ತಡೆಯುತ್ತಿತ್ತು. ಕೆಲವು ವರ್ಷಗಳಲ್ಲಿ ಕೆಲಸ ಬಿಟ್ಟೆ.

ಆ ಭಾನುವಾರ ಬಸ್ಸಿಳಿದಾಗ ಗಂಜ ಗುರುತು ಸಿಗುವಂತಿರಲಿಲ್ಲ. ಕಡಿದಾದ ಮಾಡುಗಳು ಮೂರೇ ಉಳಿದಿವೆ. ಉಳಿದೆಡೆ ಚಪ್ಪಟೆ ಮಾಳಿಗೆ. ಮೇಲೆ ಯಾರೂ ವಾಸವಿಲ್ಲ. ಸಂಜೆ ಶಟರು ಎಳೆದು ಎಲ್ಲರೂ ಬೇರೆ ಬೇರೆ ಬಡಾವಣೆಗೆ ಹೋಗುತ್ತಾರಂತೆ. ಒಂಬತ್ತನೆಯದು ಹಳೆಯ ಕಾಗದಗಳ ಉಗ್ರಾಣ. ಅದರ ಹೊಗೆಗೂಡಿನ ಬಾಯಿಯನ್ನು ಸಿಮೆಂಟಿನಿಂದ ಮುಚ್ಚಿದ್ದಾರೆ.

ಹತ್ತನೆಯ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದ ಮುದುಕರು ಬಹಳ ಹೊತ್ತು ನನ್ನನ್ನು ದಿಟ್ಟಿಸಿದರು. "ಬಾಯಾರಲ್ಲೇನ್ರಿ? ಏನರ ಬರಕೊಂಡು ಹೋಗ್ಲಾಕ ಬಂದೀರೇನು?"

ಸಿದ್ರಾಮಪ್ಪನವರು. ನಾನು ಇಲ್ಲವೆಂದೆ. ಹೋಗಲಿ ಎಂಬಂತೆ ಕೈಯಾಡಿಸಿ, ಚಹ ತರಿಸಿದರು. ಇಬ್ಬರೂ ಗೋಪುರದ ತೂತನ್ನು ನೋಡುತ್ತ ಕುಳಿತೆವು. ಕಾಶಮ್ಮನವರ ವಿಷಯವನ್ನು ನಾನು ಕೇಳಲಿಲ್ಲ, ಅವರೇ ಹೇಳಿದರು. ಉದಗೀರಿನಲ್ಲಿ ಅಂಗಡಿ ಹಾಕಲು ಆಗಲಿಲ್ಲ. ಗಂಟೆಗಳು ಅಳಿಯನ ಮನೆಯ ಹಿಂದಿನ ಕೋಣೆಯಲ್ಲಿ ಚೀಲದಲ್ಲಿಯೇ ಹಸಿರುಗಟ್ಟಿದವು. ಹನ್ನೊಂದು ವರ್ಷ ಅದೇ ಕೋಣೆಯಲ್ಲಿದ್ದು ತೀರಿಹೋದರು.

"ಬೆಲ್ಲ ತರ್ಲಾಕ ಹೋದಾಗೆಲ್ಲ ಭೇಟಿ ಆಗ್ತಿದ್ದೆ. ಮನಿ ಸುದ್ದಿ ಒಂದು ದಿನಾನೂ ಕೇಳ್ಲಿಲ್ಲ ನೋಡ್ರಿ ಆಕಿ. ಕೇಳಿದ್ದು ಒಂದೇ ಮಾತು."

"ಏನು?"

"ಬಾಯಾರು ಈಗ ಎಲ್ಲಿ ಉಣ್ತಾರ, ಅಂತ."

ಚಹದ ಬಟ್ಟಲನ್ನು ನಾನು ಕೆಳಗಿಟ್ಟೆ. "ನೀವೇನು ಹೇಳಿದಿರಿ?"

"ನಮಗೇನು ಗೊತ್ತಿತ್ರಿ? ಗಂಜಿನಾಗ ನಿಮ್ಮ ಸುದ್ದಿ ಕೇಳಿದವರರ ಯಾರಿದ್ರು? ಗೊತ್ತಿಲ್ಲ ಅಂದೆ" ಎಂದರು ಸಿದ್ರಾಮಪ್ಪ. "ಪ್ರತೀ ಸಲ ಕೇಳ್ತಿದ್ದಳು. ಪ್ರತೀ ಸಲ ಗೊತ್ತಿಲ್ಲ ಅಂತಿದ್ದೆ."